ಎರಡು ಸಾವಿರದ ನಾನೂರು ಅಡಿ

ನಾಗಪುರ
13 ಜುಲೈ 2025

ಪ್ರೀತಿಯ ವಿಜೇತ್,

ನಿನಗೆ ಕಾಗದ ಬರೆಯುವ ಗತಿ ತಂದೆಯಲ್ಲ ಮಾರಾಯ. ಫೋನು ಸ್ವಿಚ್ ಆಫ್. ಮೆಸೇಜು ಹೋಗುತ್ತದೆ, ತಲುಪುವುದಿಲ್ಲ. ನಮ್ಮ ಸ್ಕ್ವಾಡ್ರನ್ನಿನ ಗುಂಪಿನಿಂದ ಹೇಳದೆ ಕೇಳದೆ ಹೊರಗೆ ಹೋಗಿದ್ದೀಯ. ಹೋದ ವರ್ಷ ನಿನಗೆ ಆಟದ ವಿಮಾನಕ್ಕೆಂದು ಕಾಲಿನ ಪೆಡಲು ಪಾರ್ಸೆಲ್ ಮಾಡಿದ್ದೆನಲ್ಲ, ಪುಣ್ಯಕ್ಕೆ ಆ ನೆಕ್ರಾಜೆಯ ವಿಳಾಸ ಇನ್ನೂ ನನ್ನ ಹತ್ತಿರ ಉಂಟು.

ಮೂರು ವರ್ಷ ವಾರಕ್ಕೆರಡು ಸಂಜೆ ಕಂಪ್ಯೂಟರಿನಲ್ಲಿ ಒಟ್ಟಿಗೆ ಯುದ್ಧವಿಮಾನ ಹಾರಿಸಿದವರು ನಾವು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೂ ಬದಿಯಡ್ಕ ಬಿಟ್ಟು ಮೂವತ್ತು ವರ್ಷವಾದ ಈ ಮುದುಕನಿಗೆ ಊರಿನ ಮಾತು ಕೇಳುತ್ತಿದ್ದದ್ದು ನಿನ್ನ ಬಾಯಿಂದಲೇ. ಮಂಡಿಯ ಆಪರೇಷನ್ ಆಗಿ ಮಲಗಿದ್ದವನಿಗೆ ಇದ್ದ ಒಂದೇ ಸಂತೋಷವನ್ನೂ ಕಿತ್ತುಕೊಂಡು ಹೋದೆ.

ಮೊನ್ನೆ ಮೂರನೇ ತಾರೀಕಿನ ಗುರುವಾರ ನೀನು ಗುಡ್ಡಕ್ಕೆ ಬಡಿದದ್ದೇ ಕಾರಣ ಎಂದು ನನಗೆ ಗೊತ್ತು. ನಾನು ಮುಂದೆ, ನೀನು ಹಿಂದೆ, ಸುತ್ತ ಮೋಡ, ಶತ್ರುವಿನ ರಾಡಾರಿಗೆ ಸಿಗದಷ್ಟು ತಗ್ಗಿನಲ್ಲಿ. ಗುಡ್ಡದ ನೆತ್ತಿ ಎರಡು ಸಾವಿರದ ಇನ್ನೂರು ಅಡಿ. ನಾನು “ಎರಡು ಸಾವಿರದ ನಾನೂರು” ಎಂದೆ. ನಮ್ಮ ಪದ್ಧತಿಯ ಹಾಗೆ ನೀನೂ ನನ್ನ ಅಂಕೆಯನ್ನೇ ತಿರುಗಿ ಹೇಳಿದೆ. ನಾನು ದಾಟಿದೆ, ನೀನು ದಾಟಲಿಲ್ಲ. ಉಳಿದವರು ನಕ್ಕರು, ನಾನೂ ನಕ್ಕೆ. ಅದು ನಿನಗೆ ತಾಗಿರಬೇಕು.

ಆದರೆ ತಪ್ಪು ನಿನ್ನದಲ್ಲ, ಮೀಟರಿನದು. ಸರಿಯಾಗಿ ಕೇಳು. ಎತ್ತರದ ಮೀಟರಿಗೆ ಎತ್ತರ ಎಂದರೆ ಎಂತದೆಂದೇ ಗೊತ್ತಿಲ್ಲ. ಅದು ಹೊರಗಿನ ಗಾಳಿಯ ಒತ್ತಡ ಅಳೆದು ಇಷ್ಟು ಮೇಲೆ ಇರಬಹುದು ಎಂದು ಅಂದಾಜು ಹೇಳುತ್ತದೆ. ಮಳೆಯ ಹವೆಯಲ್ಲಿ ಒತ್ತಡ ತಾನಾಗಿಯೇ ಇಳಿದಿರುತ್ತದೆ; ಮೀಟರು ಪಾಪ, ನಾವು ಮೇಲೆ ಏರಿದ್ದೇವೆ ಎಂದು ತಿಳಿಯುತ್ತದೆ. ಅದಕ್ಕೇ ಹೊರಡುವ ಮೊದಲು ಪಕ್ಕದ ತಿರುಗಣೆಯನ್ನು ಆ ದಿನದ ಒತ್ತಡಕ್ಕೆ ತಿರುಗಿಸಿ ಇಡಬೇಕು. ನಾನು ತಿರುಗಿಸಿದ್ದೆ, ನೀನು ಮರೆತೆ. ನಿನ್ನ ಮೀಟರು ಎರಡು ಸಾವಿರದ ನಾನೂರು ತೋರಿಸುವಾಗ ನೀನು ನಿಜವಾಗಿ ಇದ್ದದ್ದು ಎರಡು ಸಾವಿರದ ನೂರರಲ್ಲಿ. ಇಷ್ಟೇ ವಿಷಯ.

“ಆಟದಲ್ಲಿ ಸತ್ತವನಿಗೆ ಕಾಗದ ಬರೆಯುವವರು ನೀವೊಬ್ಬರೇ ಅಪ್ಪಾ” ಎಂದು ಮಗಳು ಶ್ರೀರಂಜಿನಿ ತಮಾಷೆ ಮಾಡುತ್ತಿದ್ದಾಳೆ. ನಾಳೆಯೇ ಉತ್ತರ ಬರೆ.

ನಿನ್ನ
ಸುಬ್ಬಣ್ಣ (ಶಿವಸುಬ್ರಹ್ಮಣ್ಯ ಎಂದು ಪೂರ್ತಿ ಬರೆಯಲಿಕ್ಕೆ ಉದಾಸೀನ)


ನೆಕ್ರಾಜೆ
21 ಜುಲೈ 2025

ಸುಬ್ಬಣ್ಣನವರಿಗೆ ವಿಜೇತನ ನಮಸ್ಕಾರಗಳು.

ನಿಮ್ಮ ಕಾಗದ ಸಿಕ್ಕಿತು. ಇಷ್ಟು ವಿವರವಾಗಿ ಬರೆದಿದ್ದೀರಿ, ತುಂಬ ಉಪಕಾರ. ನೀವು ಹೇಳಿದ್ದು ಸರಿ. ತಿರುಗಣೆ ತಿರುಗಿಸಲು ಮರೆತಿದ್ದೆ. ಮೀಟರು ಗಾಳಿಯನ್ನು ಅಳೆಯುತ್ತದೆ, ಎತ್ತರವನ್ನಲ್ಲ ಎಂಬುದು ನನಗೆ ಈಗ ಚೆನ್ನಾಗಿ ತಿಳಿಯಿತು.

ಫೋನು ಹಾಳಾಗಿದೆ. ಗುಂಪಿನಿಂದ ಹೊರಗೆ ಬಂದದ್ದಕ್ಕೆ ಬೇಸರ ಮಾಡಬೇಡಿ, ಶಾಲೆಯ ಕೆಲಸ ಹೆಚ್ಚಾಗಿದೆ. ನೀವು ಕೊಟ್ಟ ಪೆಡಲು ಇನ್ನು ನನಗೆ ಬೇಕಾಗಲಿಕ್ಕಿಲ್ಲ, ಪಾರ್ಸೆಲ್ ಮಾಡುತ್ತೇನೆ. ಉಪಯೋಗ ಇರುವ ಯಾರಿಗಾದರೂ ಕೊಡಿ.

ಕಾಗದ ಬರೆಯುವುದಾದರೆ ಇನ್ನು ಮನೆಗೂ ಬೇಡ, ಶಾಲೆಗೂ ಬೇಡ. ಬದಿಯಡ್ಕ ಅಂಚೆ ಕಚೇರಿಗೆ ನನ್ನ ಹೆಸರಿನಲ್ಲಿ ಹಾಕಿ, ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಹರಿಣಾಕ್ಷಿಗೆ ಈ ಆಟವೆಂದರೆ ಆಗುವುದಿಲ್ಲ.

ಮಂಡಿ ಜಾಗ್ರತೆ.

ಇತಿ,
ವಿಜೇತ್


ನಾಗಪುರ
28 ಜುಲೈ 2025

ಪ್ರೀತಿಯ ವಿಜೇತ್,

ಪೆಡಲು ಕಳಿಸಿದರೆ ನಾನು ಬಾಗಿಲಲ್ಲೇ ವಾಪಸು ಮಾಡುತ್ತೇನೆ, ನೋಡು ಬೇಕಾದರೆ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕ್ರಮ ನಮ್ಮ ಕಡೆ ಇಲ್ಲ.

ಹರಿಣಾಕ್ಷಿಗೆ ಆಟ ಆಗುವುದಿಲ್ಲ ಎಂದು ಬರೆದಿದ್ದೀಯ. ಮೇ ತಿಂಗಳಲ್ಲಿ ನೀನೇ ಹೇಳಿದ್ದಲ್ಲವಾ, ಅವಳು ಚಹಾ ಹಿಡಿದುಕೊಂಡು ನಿನ್ನ ಪಕ್ಕದಲ್ಲೇ ಕೂತು ನೋಡುತ್ತಾಳೆ, ಬಾಂಬು ಸರಿಯಾಗಿ ಬಿದ್ದರೆ ನಿನಗಿಂತ ಅವಳಿಗೇ ಖುಷಿ ಎಂದು? ಇರಲಿ, ಗಂಡ ಹೆಂಡತಿಯ ವಿಷಯ, ನಾನು ಬಾಯಿ ಹಾಕುವುದಿಲ್ಲ.

ನಿನ್ನ ಕಾಗದ ಓದಿದ ಮೇಲೆ ನನಗೆ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ. ಅದೇ ಗುಡ್ಡ, ಅದೇ ಮೋಡ ಇಟ್ಟುಕೊಂಡು ತಿರುಗಣೆ ತಿರುಗಿಸದೆ ನಾನೂ ಹಾರಿದೆ. ನಾನು ಹೇಳಿದ್ದು ಅಡಿ ಅಡಿಗೂ ಸರಿ. ಆದರೆ ಒಂದು ಮಾತ್ರ ಹೊಂದುವುದಿಲ್ಲ. ನಮ್ಮ ವಿಮಾನದಲ್ಲಿ ಇನ್ನೊಂದು ಮೀಟರು ಉಂಟಲ್ಲ, ಹೊಟ್ಟೆಯ ಕೆಳಗಿನ ನೆಲಕ್ಕೆ ಅಲೆ ಬಿಟ್ಟು ಅಳೆಯುವಂಥದ್ದು? ಅದಕ್ಕೆ ಗಾಳಿಯ ಹಂಗಿಲ್ಲ. ಗುಡ್ಡ ಹತ್ತಿರ ಬರುವಾಗ ಅದರ ಅಂಕೆ ಸರಸರ ಇಳಿಯಿತು. ಆಮೇಲೆ ವಿಮಾನದೊಳಗೆ ಎಚ್ಚರಿಸುವ ಆ ಹೆಂಗಸಿನ ಸ್ವರ “ಮೇಲಕ್ಕೆ ಎಳೆ, ಮೇಲಕ್ಕೆ ಎಳೆ” ಎಂದು ಕೂಗಿದ್ದೇ ಕೂಗಿದ್ದು. ಅಡುಗೆಮನೆಯಲ್ಲಿದ್ದ ಶ್ರೀರಂಜಿನಿಗೂ ಕೇಳಿತು. ನಿನಗೆ ಹೇಗೆ ಕೇಳಲಿಲ್ಲ? ಹೆಡ್‌ಫೋನಿನ ದೋಷವೇ ಇರಬೇಕು.

ಅಂದಿನ ಹಾರಾಟದ ರೆಕಾರ್ಡಿಂಗ್ ಸರ್ವರಿನಲ್ಲಿ ಇರುತ್ತದೆ. ನೋಡಿಕೊಳ್ಳುವ ಹುಡುಗನಿಗೆ ಹೇಳಿದ್ದೇನೆ, ಸಿಕ್ಕಿದ ಮೇಲೆ ನೋಡಿ ಎಲ್ಲಿ ತಪ್ಪಿತೆಂದು ಹೇಳುತ್ತೇನೆ. ನೀನಿಲ್ಲದೆ ನನಗೆ ಹಿಂದೆ ನೋಡಿದರೆ ಬರೀ ಆಕಾಶ. ಬೇಗ ಬಾ.

ನಿನ್ನ
ಸುಬ್ಬಣ್ಣ


ಬದಿಯಡ್ಕ
5 ಆಗಸ್ಟ್ 2025

ಸುಬ್ಬಣ್ಣನವರಿಗೆ ನಮಸ್ಕಾರಗಳು.

ಹೌದು, ಹೆಡ್‌ಫೋನಿನ ದೋಷವೇ. ಒಂದು ಕಿವಿ ಕೇಳುತ್ತಿರಲಿಲ್ಲ.

ರೆಕಾರ್ಡಿಂಗ್ ನೋಡುವ ಕಷ್ಟ ತೆಗೆದುಕೊಳ್ಳಬೇಡಿ. ಮುಗಿದು ಹೋದ ಸಂಗತಿ. ಪೆಡಲು ನಿನ್ನೆ ಪಾರ್ಸೆಲ್ ಮಾಡಿದೆ, ದಯವಿಟ್ಟು ಹಿಂದೆ ಕಳಿಸಬೇಡಿ.

ಶಾಲೆಯಲ್ಲಿ ಎಲ್ಲ ಸರಿಯಾಗಿದೆ. ಮಕ್ಕಳು ಗಲಾಟೆ ಮಾಡುವುದಿಲ್ಲ, ಕ್ಲಾಸು ತುಂಬ ಮೌನವಾಗಿದೆ. ನನಗೂ ಈಗ ಮನಸ್ಸು ಹಗುರವಾಗಿದೆ, ಯಾವ ತಲೆಬಿಸಿಯೂ ಇಲ್ಲ. ನೀವು ನನಗೆ ಸ್ವಂತ ಅಣ್ಣನ ಹಾಗೆ ಹೇಳಿಕೊಟ್ಟಿದ್ದೀರಿ. ಅದನ್ನು ಒಮ್ಮೆ ಬರೆದು ತಿಳಿಸಬೇಕು ಎಂದಿತ್ತು.

ಇತಿ,
ವಿಜೇತ್


ನಾಗಪುರ
12 ಆಗಸ್ಟ್ 2025

ವಿಜೇತ್,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ಅಂಚೆಗೆ ಐದಾರು ದಿನ ಬೇಕು, ಅಷ್ಟು ದಿನ ಕಾಯುವ ಧೈರ್ಯ ನನಗಿಲ್ಲ. ನನ್ನ ಅಕ್ಕನ ಮಗ ವಿಷ್ಣುಪ್ರಸಾದನಿಗೆ ಬದಿಯಡ್ಕದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಉಂಟು. ಫೋನಿನಲ್ಲಿ ಅವನಿಗೆ ಕಳಿಸುತ್ತೇನೆ. ಅವನು ಪ್ರಿಂಟ್ ತೆಗೆದು, ಅಂಗಡಿ ಮುಚ್ಚಿ, ಅಂಚೆ ಕಚೇರಿಯ ಮೆಟ್ಟಿಲಲ್ಲಿ ನಿನ್ನನ್ನು ಕಾಯುತ್ತಾನೆ.

ನಿನ್ನೆ ಪೆಡಲು ಬಂತು. ಒರೆಸಿ, ಸ್ಕ್ರೂಗಳಿಗೆ ಬೇರೆ ಪೊಟ್ಟಣ ಕಟ್ಟಿ ಕಳಿಸಿದ್ದೀಯ. ಆ ಪೊಟ್ಟಣವನ್ನು ಬಿಚ್ಚದೆ ಮೇಜಿನ ಮೇಲೆ ಇಟ್ಟೆ. ಸಂಜೆ ರೆಕಾರ್ಡಿಂಗ್ ಸಿಕ್ಕಿತು. ನೋಡಿದೆ. ನೋಡಬಾರದಿತ್ತು ಅನಿಸಿತು, ಮತ್ತೆ ನೋಡಿದೆ.

ಹೊರಡುವ ಮೊದಲೇ ನೀನು ತಿರುಗಣೆಯನ್ನು ಸರಿಯಾಗಿ ತಿರುಗಿಸಿದ್ದೀಯ. ಮೀಟರಿಗೆ ಯಾವ ದೋಷವೂ ಇರಲಿಲ್ಲ. ವಿಮಾನವನ್ನು ಹೊರಗಿನಿಂದ ನೋಡುವಾಗ ಪರದೆಯ ಅಡಿಯಲ್ಲಿ ಆಟವೇ ನಿಜವಾದ ಎತ್ತರ ತೋರಿಸುತ್ತದಲ್ಲ, ಅದು ಎರಡು ಸಾವಿರದ ನೂರು. ನಿನ್ನ ಮೀಟರಿನಲ್ಲೂ ಎರಡು ಸಾವಿರದ ನೂರು. ಅದನ್ನು ಕಣ್ಣೆದುರು ಇಟ್ಟುಕೊಂಡು ನೀನು ಬಾಯಲ್ಲಿ “ಎರಡು ಸಾವಿರದ ನಾನೂರು” ಎಂದೆ. ಎಚ್ಚರಿಸುವ ಸ್ವರವನ್ನು ನಿನ್ನ ಕೈಯಾರೆ ಬಂದ್ ಮಾಡಿದ್ದೀಯ. ಕಡೆಯ ತನಕ ವಿಮಾನ ನಡೆಸುವ ಕೋಲು ಒಂದು ಕೂದಲಿನಷ್ಟೂ ಅಲುಗಿಲ್ಲ. ಅಷ್ಟೇ ಅಲ್ಲ. ಅದರ ಹಿಂದಿನ ಭಾನುವಾರ ನಾವೆಲ್ಲ ಹೋದ ಮೇಲೆ ನೀನೊಬ್ಬನೇ ಉಳಿದು ಅದೇ ಗುಡ್ಡಕ್ಕೆ ಮತ್ತೆ ಮತ್ತೆ ಹೋಗಿದ್ದೀಯ.

ಹಿಂದಿನವನು ಮುಂದಿನವನ ಅಂಕೆಯನ್ನೇ ಹೇಳಬೇಕು ಎಂಬ ನಿಯಮ ಮಾಡಿದ್ದು ನಾನೇ. ಆಳಿಗೊಂದು ಅಂಕೆ ಹೇಳಿದರೆ ಗಲಾಟೆಯಾಗುತ್ತದೆ ಎಂದು. ಹಾಗಾಗಿ ಇಷ್ಟು ವರ್ಷದಲ್ಲಿ ನಿನ್ನ ಅಂಕೆ ಎಷ್ಟು ಎಂದು ನಾನು ಕೇಳಿದ್ದೇ ಇಲ್ಲ.

ಇವತ್ತು ಬೆಳಿಗ್ಗೆ ನಿನ್ನ ಶಾಲೆಗೆ ಫೋನ್ ಮಾಡಿದೆ. ವಿಜೇತ್ ಮಾಸ್ಟ್ರು ಈಗ ಇಲ್ಲಿ ಇಲ್ಲ ಎಂದರು. ಜೂನಿನಲ್ಲಿ ಮಕ್ಕಳ ತಲೆ ಎಣಿಕೆಯಾಗುವಾಗ ಇಬ್ಬರು ಕಡಿಮೆ ಬಿದ್ದು ಕನ್ನಡ ಡಿವಿಷನ್ ಹೋಯಿತು, ದಿನಗೂಲಿಯ ಮಾಸ್ಟ್ರಿಗೆ ಬರಬೇಡಿ ಎನ್ನಬೇಕಾಯಿತು, ಒಳ್ಳೆಯ ಮಾಸ್ಟ್ರು, ನಮಗೂ ಬೇಜಾರು ಎಂದರು. ಹಾಗಾದರೆ ನೀನು ಬರೆದ ಆ ಮೌನವಾದ ಕ್ಲಾಸು ಯಾವುದು? ಬೆಳಿಗ್ಗೆ ಮನೆಯಿಂದ ಹೊರಟು ದಿನವಿಡೀ ಎಲ್ಲಿ ಕೂರುತ್ತಿದ್ದೀಯ?

ನೇರ ಕೇಳುತ್ತೇನೆ. ಆಟದಲ್ಲಿ ಮಾಡಿದ್ದನ್ನು ನಿಜದಲ್ಲಿ ಮಾಡುವ ಯೋಚನೆ ಉಂಟಾ ನಿನಗೆ? ಸಾಯಬೇಕು ಅನಿಸುತ್ತದಾ? ಹೌದಾದರೆ ಹೌದು ಎನ್ನು. ನಾನು ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಮೀಟರಿನ ಪಾಠವಂತೂ ಇನ್ನು ಯಾವತ್ತೂ ಮಾಡುವುದಿಲ್ಲ. ವಿಷ್ಣುಪ್ರಸಾದನ ಫೋನು ತೆಗೆದುಕೊಂಡು ಅಲ್ಲೇ ನಿಂತು ನನಗೆ ಒಂದು ಕರೆ ಮಾಡು. ಮಾತಾಡಲಿಕ್ಕೆ ಆಗದಿದ್ದರೆ ಸುಮ್ಮನೆ ಹಿಡಿದುಕೋ, ನೀನು ಉಸಿರಾಡುವುದು ಕೇಳಿದರೆ ಸಾಕು ನನಗೆ.

ನನಗೆ ಹೆದರಿಕೆ ಆಗುತ್ತಾ ಉಂಟು ವಿಜೇತ್. ವಾಕರು ಹಿಡಿದು ಬಚ್ಚಲಿಗೆ ಹೋಗಲಿಕ್ಕೆ ಒದ್ದಾಡುವವನು ನಾನು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ರೈಲಿನಲ್ಲಿ ಇರುತ್ತಿದ್ದೆ.

ಸುಬ್ಬಣ್ಣ


ನಾಗಪುರ
13 ಆಗಸ್ಟ್ 2025, ಮಧ್ಯಾಹ್ನ

ವಿಜೇತ್,

ನಿನ್ನೆ ಸಂಜೆಯ ತನಕ ವಿಷ್ಣುಪ್ರಸಾದ ಕಾದ. ಇವತ್ತು ಬೆಳಿಗ್ಗೆಯಿಂದ ಮತ್ತೆ ಅಲ್ಲೇ ಇದ್ದಾನೆ. ನೀನು ಬರಲಿಲ್ಲ. ನೀನು ಕಾಗದ ಕೇಳಲಿಕ್ಕೆ ಬರದೆ ಒಂದು ವಾರವಾಯಿತಂತೆ, ಕೌಂಟರಿನಲ್ಲಿ ಹೇಳಿದರು.

ಈಗ ನಾನು ಮಾಡುವ ಕೆಲಸಕ್ಕೆ ನಿನಗೆ ಸಿಟ್ಟು ಬರುತ್ತದೆ. ನಿನ್ನೆಯ ಕಾಗದ, ಈ ಕಾಗದ, ಎರಡನ್ನೂ ತೆಗೆದುಕೊಂಡು ನೆಕ್ರಾಜೆಗೆ ಹೋಗು, ಹರಿಣಾಕ್ಷಿಯ ಕೈಯಲ್ಲಿ ಕೊಡು ಎಂದು ವಿಷ್ಣುಪ್ರಸಾದನಿಗೆ ಹೇಳಿದ್ದೇನೆ. “ಮಾವ, ಗುರುತಿಲ್ಲದ ಮನೆಗೆ ಹೋಗಿ ಇಂಥದ್ದು ಹೇಗೆ ಕೊಡುವುದು?” ಎಂದು ಅವನು ಕೇಳಿದ. ಹೇಗಾದರೂ ಕೊಡು, ಕೊಟ್ಟು ಅಲ್ಲೇ ನಿಲ್ಲು ಎಂದೆ.

ನೀನು ಮನೆಯಲ್ಲಿ ಹೇಳಬಾರದು ಎಂದು ಮುಚ್ಚಿಟ್ಟದ್ದನ್ನು ನಾನು ಬಯಲು ಮಾಡುತ್ತಿದ್ದೇನೆ. ಇನ್ನು ಜನ್ಮದಲ್ಲಿ ನನ್ನ ಹತ್ತಿರ ಮಾತಾಡದಿದ್ದರೂ ಅಡ್ಡಿ ಇಲ್ಲ. ಸಿಟ್ಟು ಮಾಡು, ಬೈಯು, ಹೊಡೆಯಲಿಕ್ಕೆ ನಾಗಪುರಕ್ಕೆ ಬಾ. ಆದರೆ ಇರು ಮಾರಾಯ. ದಮ್ಮಯ್ಯ, ಇರು.

ಹರಿಣಾಕ್ಷೀ, ನಿಮ್ಮ ಕೈಗೆ ಈ ಕಾಗದ ಸಿಕ್ಕಿದ್ದರೆ ಓದುತ್ತಾ ಕೂರಬೇಡಿ. ಮೊದಲು ಅವನನ್ನು ಹುಡುಕಿ.

ಸುಬ್ಬಣ್ಣ


ನೆಕ್ರಾಜೆ
17 ಆಗಸ್ಟ್ 2025

ಸುಬ್ಬಣ್ಣಾ,

ನೀವು ಕೇಳಿದ ಪ್ರಶ್ನೆಗೆ ಉತ್ತರ, ಹೌದು.

ನಾನು ಸಿಕ್ಕಿದೆ ಎಂದು ವಿಷ್ಣುಪ್ರಸಾದರು ಆವತ್ತೇ ಫೋನಿನಲ್ಲಿ ತಿಳಿಸಿದ್ದಾರೆ. ನಿಮಗೆ ಫೋನ್ ಮಾಡು ಎಂದು ಹರಿಣಾಕ್ಷಿ ದಿನವೂ ಹೇಳುತ್ತಾಳೆ. ಮಾಡಲಿಕ್ಕೆ ಹೆದರಿಕೆ. ಸ್ವರದಲ್ಲಿ ಯಾರು ಏನು ಕೇಳಿದರೂ ನಾನು ಸರಿ ಎಂದೇ ಹೇಳುವುದು. ಬರೆಯುವಾಗ ನಿಲ್ಲಿಸಿ ನಿಲ್ಲಿಸಿ ನಿಜ ಬರೆಯಬಹುದು.

ನಿಮ್ಮ ಮೊದಲ ಕಾಗದಕ್ಕೇ ನಿಜ ಬರೆಯಬೇಕು ಎಂದು ಕುಳಿತಿದ್ದೆ. ಆದರೆ ತಪ್ಪು ಮೀಟರಿನದು ಎಂದು ನೀವು ಅಷ್ಟು ಖುಷಿಯಲ್ಲಿ ವಿವರಿಸಿದ್ದಿರಿ. ಅಲ್ಲ ಎನ್ನಲು ಮನಸ್ಸು ಬರಲಿಲ್ಲ. ನಿಮ್ಮ ವಿವರಣೆ ನನಗೂ ಇಷ್ಟವಾಯಿತು. ಒಂದು ತಿರುಗಣೆ ಮರೆತದ್ದೇ ನನ್ನ ತೊಂದರೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅದನ್ನು ಎಷ್ಟೋ ಸಲ ಓದಿದೆ.

ಶಾಲೆಯ ಕೆಲಸ ಹೋದ ದಿನವೇ ಮನೆಯಲ್ಲಿ ಹೇಳಬೇಕಿತ್ತು. ನಾಳೆ ಹೇಳುವಾ ಎಂದುಕೊಂಡೆ. ಮರುದಿನ ಎಂದಿನ ಹಾಗೆ ಚೀಲ ಹಿಡಿದು ಹೊರಟೆ, ಜೀಪು ಹತ್ತಿದೆ, ಶಾಲೆಯ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋದೆ. ಹಾಗೆ ಒಂದು ದಿನ ಮಾಡಿದ ಮೇಲೆ ಎರಡನೆಯ ದಿನ ಹೇಳುವುದು ಇನ್ನೂ ಕಷ್ಟ. ಈ ವಯಸ್ಸಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ? ಕನ್ನಡದಲ್ಲಿ ಪಾಠ ಮಾಡುವುದು ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ, ಅದು ಬೇಕಾದ ಮಕ್ಕಳೇ ಇಲ್ಲ. ಪದವಿನ ಬೋಳು ಬಯಲಿನ ಮೇಲೆ, ಕಲ್ಲು ಕಡಿದು ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯ ಹತ್ತಿರ ಸಂಜೆಯ ತನಕ ಕುಳಿತಿರುತ್ತಿದ್ದೆ. ಅಲ್ಲಿ ಕುಳಿತು ಏನು ಯೋಚಿಸುತ್ತಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ, ಡಾಕ್ಟರಿಗೆ ಹೇಳಿದ್ದೇನೆ. ಆಟದ ಆ ಗುಡ್ಡಕ್ಕೆ ಹೋಗುವಾಗ ಮಾತ್ರ ಎದೆಯೊಳಗಿನ ಗಲಾಟೆ ನಿಲ್ಲುತ್ತಿತ್ತು. ನಿಂತು ಹೋಗುತ್ತದೆ ಎಂದು ಗೊತ್ತಾದದ್ದೇ ನನಗೆ ಅಪಾಯವಾಯಿತು.

ಬುಧವಾರ ನಾನು ಅಲ್ಲೇ ಇದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಹರಿಣಾಕ್ಷಿ ಬರುವುದು ಕಂಡಿತು. ಕೈಯಲ್ಲಿ ನಿಮ್ಮ ಕಾಗದ, ಹಿಂದೆ ದೂರದಲ್ಲಿ ವಿಷ್ಣುಪ್ರಸಾದರು. ಹುಡುಕಿಕೊಂಡು ಬಂದ ಹಾಗಿರಲಿಲ್ಲ, ನೇರ ಬಂದಳು. ನಾನಿಲ್ಲಿ ಇರುವುದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ನನಗೆ ಮೊದಲೇ ಗೊತ್ತಿತ್ತು. ಶಾಲೆಯದ್ದೂ ಗೊತ್ತು, ಇಲ್ಲಿ ಕೂರುವುದೂ ಗೊತ್ತು. ರೇಶನ್ ಅಂಗಡಿಯಲ್ಲಿ ಎಲ್ಲರೂ ಹೇಳ್ತಾರೆ. ನೀವಾಗಿ ಹೇಳ್ತೀರಿ ಅಂತ ಕಾದೆ. ನಾನೇ ಕೇಳಿದ್ರೆ ನಿಮಗೆ ನಾಚಿಕೆ ಆಗ್ತದೆ ಅಂತ ಸುಮ್ಮನಿದ್ದೆ.”

ಎಲ್ಲ ಗೊತ್ತಿದ್ದೂ ಅವಳು ದಿನವೂ ಬೆಳಿಗ್ಗೆ ನನಗೆ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಯಾಕೆ ಎಂದು ಕೇಳಿದೆ.

“ಸಂಜೆ ಡಬ್ಬ ಖಾಲಿ ಬರ್ತಿತ್ತಲ್ಲ. ಉಂಡಿದ್ದಾರೆ, ಹಾಗಾದ್ರೆ ಇವತ್ತು ತೊಂದರೆ ಇಲ್ಲ ಅಂತ ನಾನು ನಂಬ್ತಿದ್ದೆ” ಎಂದಳು.

ಸುಬ್ಬಣ್ಣಾ, ಆ ಅನ್ನವನ್ನು ನಾನು ಪದವಿನ ನಾಯಿಗಳಿಗೆ ಹಾಕುತ್ತಿದ್ದೆ. ಒಂದು ತುತ್ತೂ ಇಳಿಯುತ್ತಿರಲಿಲ್ಲ. ಅವಳಿಗೆ ಸಂಶಯ ಬಾರದಿರಲಿ ಎಂದು ಡಬ್ಬವನ್ನು ಬೇಕೆಂದೇ ಖಾಲಿ ಮಾಡಿ ತರುತ್ತಿದ್ದೆ. ಅದನ್ನು ಹೇಳಿದಾಗ ಅವಳು ನೆಲದಲ್ಲಿ ಕುಸಿದು ಕೂತಳು. ಅಷ್ಟು ಹೊತ್ತು ಅಳದಿದ್ದವಳು ಆಗ ಅತ್ತಳು. ಅವಳನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಬರಬೇಕಿತ್ತು, ಹಾಗಾಗಿ ನಾನೂ ಎದ್ದೆ.

ನಿನ್ನೆ ಕಾಸರಗೋಡಿಗೆ ಹೋಗಿ ಡಾಕ್ಟರನ್ನು ಕಂಡೆವು. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಸರಿಯಾಗಿದೆ ಎಂದು ಬರೆಯುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದೇ ಯೋಚನೆ ಬರುತ್ತದೆ. ಇವತ್ತೂ ಬಂತು. ಬಂದದ್ದನ್ನು ಹರಿಣಾಕ್ಷಿಗೆ ಹೇಳಿದೆ, ಅವಳು ಮನೆಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಇಷ್ಟೇ ಆದದ್ದು.

ನೀವು ಮನೆಗೆ ಕಾಗದ ಕಳಿಸಿದ್ದಕ್ಕೆ ನನಗೆ ಒಂದು ದಿನ ಪೂರ್ತಿ ಸಿಟ್ಟಿತ್ತು. ಈಗ ಇಲ್ಲ.

ವಿಜೇತ್

ಅಣ್ಣನವರಿಗೆ ಹರಿಣಾಕ್ಷಿಯ ನಮಸ್ಕಾರ. ಇವರು ಬರೆದದ್ದನ್ನು ನಾನು ಓದಿದೆ, ನಿಜವನ್ನೇ ಬರೆದಿದ್ದಾರೆ. ನನ್ನ ಫೋನ್ ನಂಬ್ರ ಹಿಂದಿನ ಬದಿಯಲ್ಲಿ ಉಂಟು. ಮುಂದೆ ಯಾವಾಗಲಾದರೂ ಇವರು ಆರಾಮ ಇದ್ದೇನೆ ಅಂತ ಬರೆದರೆ ಅದನ್ನು ನಂಬಿ ಕೂರಬೇಡಿ, ನನಗೆ ಫೋನ್ ಮಾಡಿ ಕೇಳಿ. ನಾನು ಆರಾಮ ಇದ್ದಾರೆ ಅಂದರೆ ಅದನ್ನೂ ನಂಬಬೇಡಿ, ಫೋನು ಇವರ ಕೈಗೆ ಕೊಡಿಸಿ ಇವರನ್ನೂ ಕೇಳಿ. ಇಬ್ಬರೂ ಒಂದೇ ಹೇಳಿದರೆ ಆ ದಿನ ನೀವು ನಿದ್ದೆ ಮಾಡಿ.